ಎಸ್ತರ್ ಹೆಸರಿನ ರಕ್ತ

ಪತ್ರ ಬಂದದ್ದು 1996ರ ಅಕ್ಟೋಬರ್ 12, ಶನಿವಾರ. ಸಿರಿಲ್ ಸ್ಟೋರ್‌ಕೀಪರ್ ಆಗಿದ್ದ, ಮಸ್ಕತ್‌ನ ಅಲ್ ಖುವೈರಿನ ಏರ್‌ಕಂಡಿಷನರ್ ಕಂಪನಿಯ ಅಂಚೆಪೆಟ್ಟಿಗೆಗೆ ಅದು ಬಂತು. ಕೆನಡಾ ವೀಸಾ ಕಚೇರಿಯ ಮೊಹರು ಕಂಡು ಅವನು ಕಾರಿನಲ್ಲಿ ಕೂತೇ ಓದಿದ. ಎರಡು ಪುಟ. ಓದಿ ಮುಗಿದ ಮೇಲೆ ಇನ್ನೊಮ್ಮೆ ಓದಿದ. ಆಮೇಲೆ ಆಫೀಸಿಗೆ ಹಿಂತಿರುಗಿ, ಹೊಟ್ಟೆ ಸರಿ ಇಲ್ಲ ಎಂದು ಹೇಳಿ, ಹಮ್ರಿಯಾದ ಮನೆಗೆ ಹೊರಟ.

ಎಸ್ತರ್ ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದಳು. ಮಗಳು ಕ್ಯಾರೋಲಿನ್ ಶಾಲೆಯಿಂದ ಬರಲು ಇನ್ನೂ ಒಂದೂವರೆ ಗಂಟೆ ಇತ್ತು.

"ಎಂತ ಇಷ್ಟು ಬೇಗ?"

"ಕೈ ತೊಳೆದು ಬಾ."

"ಹೇಳಿ ಮಾರಾಯ್ರೆ. ಕೆಲಸ ಹೋಯ್ತಾ?"

"ಕೆಲಸ ಹೋಗಿದ್ರೆ ಒಳ್ಳೇದಿತ್ತು."

ಪತ್ರದ ಸಾರ ಇಷ್ಟು. ಕ್ಯಾರೋಲಿನ್ ಹುಟ್ಟಿದ್ದು ಮಸ್ಕತ್‌ನಲ್ಲಿ, 1986ರ ಜುಲೈ 9ರಂದು. ಒಮಾನಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಎಸ್ತರ್, ತಂದೆಯ ಹೆಸರು ಸಿರಿಲ್. ಕೆನಡಾದಲ್ಲಿ ನೆಲೆಸಲು ಕೊಟ್ಟ ಅರ್ಜಿಯೊಂದಿಗೆ ಬಂದಿರುವ ಬ್ಯಾಪ್ಟಿಸಂ ಪ್ರಮಾಣಪತ್ರದಲ್ಲಿ ಮಾತ್ರ ತಾಯಿಯ ಹೆಸರು ಡಾಲಿ ಎಂದಿದೆ. ತಂದೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ. ಆದ್ದರಿಂದ ತಾಯಿ ಮತ್ತು ಮಗುವಿನ ಡಿಎನ್‌ಎ ಪರೀಕ್ಷೆ ಆಗಬೇಕು. ಸೀಬ್‌ನಲ್ಲಿರುವ, ಕಚೇರಿ ಗೊತ್ತುಮಾಡಿದ ಡಾಕ್ಟರರ ಬಳಿ ತೊಂಬತ್ತು ದಿನಗಳೊಳಗೆ ರಕ್ತ ಕೊಡಬೇಕು. ಕೊಡದಿದ್ದರೆ ಜನನ ಪ್ರಮಾಣಪತ್ರ ನಿಜವೇ ಎಂದು ಅದನ್ನು ಕೊಟ್ಟ ಒಮಾನಿನ ಸಚಿವಾಲಯಕ್ಕೇ ಬರೆದು ಕೇಳಲಾಗುವುದು.

ಎಸ್ತರ್ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. ಅವಳ ಬೆರಳಲ್ಲಿದ್ದ ನೀರು ಕಾಗದಕ್ಕೆ ಹತ್ತಿತು.

"ಬ್ಯಾಪ್ಟಿಸಂ ಸರ್ಟಿಫಿಕೇಟ್ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ."

"ಮತ್ತೆ?"

"ನಾನೇ ಇಟ್ಟೆ. ಶಾಲೆಗೆ ಸೇರಿಸುವಾಗ ಇಟ್ಟೆವಲ್ಲ, ಎಲ್ಲದಕ್ಕೂ ಇಡ್ತೇವಲ್ಲ, ಹಾಗೆ."

"ಶಾಲೆಗೆ ಕೊಟ್ಟದ್ದು ಮದುವೆಯ ಸರ್ಟಿಫಿಕೇಟ್! ಇದನ್ನು ಓದ್ಲಿಲ್ವಾ ನೀವು?"

"ಇಗರ್ಜಿಯಿಂದ ಸೀಲ್ ಒತ್ತಿದ ಲಕೋಟೆಯಲ್ಲಿ ಬಂತು. ಸೀಲ್ ಒಡೆಯದೆ ಇಟ್ರೆ ತೂಕ ಜಾಸ್ತಿ ಅಂತ…"

ಡಾಲಿ ಎಸ್ತರಳ ತಂಗಿ, ಎಂಟು ವರ್ಷಕ್ಕೆ ಚಿಕ್ಕವಳು. 1985ರಲ್ಲಿ ಅಲ್ ಖುವೈರಿನ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದಳು. ಮರುವರ್ಷ ಮೇ ತಿಂಗಳಲ್ಲಿ ಅವಳ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಕುಟುಂಬ ಸಮೇತ ಲಂಡನ್ನಿಗೆ ಹೋದ. ಅವರು ಬರುವ ತನಕ ಅಕ್ಕನ ಮನೆಯಲ್ಲಿರು ಎಂದು ಬಿಟ್ಟುಹೋದ. ಅವಳು ಹಮ್ರಿಯಾಕ್ಕೆ ಬಂದಾಗ ಬಸುರಿಗೆ ಏಳು ತಿಂಗಳಾಗಿತ್ತು. ಸಡಿಲ ಅಬಾಯದೊಳಗೆ ಅದು ಯಾರಿಗೂ ಕಂಡಿರಲಿಲ್ಲ. ಯಾರದ್ದು ಎಂದು ಎಸ್ತರ್ ಎರಡು ಸಲ ಕೇಳಿದಳು. ಡಾಲಿ ಎರಡೂ ಸಲ ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ಸಲ ಎಸ್ತರ್ ಕೇಳಲಿಲ್ಲ.

ಮದುವೆಯಾಗದವಳು ಹೆರಿಗೆಗೆ ಹೋದರೆ ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಹೋಗುತ್ತದೆ, ಮೊದಲು ಜೈಲು, ಆಮೇಲೆ ಊರಿಗೆ ಎಂಬುದು ಮಸ್ಕತ್‌ನಲ್ಲಿ ಮನೆಗೆಲಸಕ್ಕೆ ಬಂದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಎಸ್ತರಳ ಆಸ್ಪತ್ರೆ ಕಾರ್ಡಿನಲ್ಲಿ ಹೆಸರು, ವಯಸ್ಸು, ನಂಬರು ಇದ್ದವು; ಫೋಟೊ ಇರಲಿಲ್ಲ. ಡಾಲಿ ಆ ಕಾರ್ಡು ಮತ್ತು ಎಸ್ತರಳ ಮದುವೆ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ ಹೆತ್ತಳು. ಎಸ್ತರ್ ಆ ಎರಡು ತಿಂಗಳು ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ಶುಕ್ರವಾರದ ಪೂಜೆಗೆ ಹೋದಳು. ಮದುವೆಯಾಗಿ ಆರು ವರ್ಷ ಮಕ್ಕಳಿಲ್ಲದ ಅವಳಿಗೆ ಇಗರ್ಜಿಯ ಹೆಂಗಸರು ಒಣಶುಂಠಿ ತಂದುಕೊಟ್ಟರು. ಆಗಸ್ಟ್ ಕೊನೆಗೆ ಡಾಲಿ ಕಫೀಲ್‌ನ ಮನೆಗೆ ಹಿಂತಿರುಗಿದಳು, ವೀಸಾ ಮುಗಿದಾಗ ಊರಿಗೆ ಹೋದಳು. ಈಗ ಅವಳು ಉಡುಪಿಯ ಹತ್ತಿರ ಪೀಟರ್ ಎಂಬ ಬೇಕರಿಯವನ ಹೆಂಡತಿ. ಪೀಟರನಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಮಕ್ಕಳಾಗಿರಲಿಲ್ಲ.

ಬ್ಯಾಪ್ಟಿಸಂ ನಡೆದದ್ದು ಆ ವರ್ಷದ ಡಿಸೆಂಬರಿನಲ್ಲಿ, ಊರಲ್ಲಿ. ಹಿಂದಿನ ದಿನ ಇಗರ್ಜಿಯ ಆಫೀಸಿಗೆ ಹೋಗಿ ವಿವರ ಬರೆಸಿ ಬಂದವರು ಎಸ್ತರಳ ತಾಯಿ ಇಸಾಬೆಲ್ಲಾ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಅಮ್ಮನಿಗೆ ಫಾದರ್ ಎದುರು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ," ಎಂದಳು ಎಸ್ತರ್. "ಆಸ್ಪತ್ರೆಗೆ ಸುಳ್ಳು, ಸರಕಾರಕ್ಕೆ ಸುಳ್ಳು, ಅದೆಲ್ಲ ಆಗ್ತದೆ. ಇಗರ್ಜಿಯ ಪುಸ್ತಕದಲ್ಲಿ ಮಾತ್ರ ಆಗುದಿಲ್ಲ. ಒಂದು ಮಾತು ನನಗೆ ಹೇಳ್ಬಾರ್ದಿತ್ತಾ?"

ಅವಳು ನೆಲದ ಮೇಲೆ ಕೂತುಬಿಟ್ಟಳು. ಸಿಂಕಿನ ನಲ್ಲಿ ಹರಿಯುತ್ತಲೇ ಇತ್ತು. ಬಾಗಿಲ ಗಂಟೆ ಬಾರಿಸಿದಾಗ ಇಬ್ಬರೂ ಬೆಚ್ಚಿ ಎದ್ದರು. ಕ್ಯಾರೋಲಿನ್ ಬಂದಿದ್ದಳು. "ಯಾಕೆ ಇಬ್ರೂ ಹೀಗೆ ನೋಡ್ತೀರಿ? ವಾಟ್ ಹ್ಯಾಪನ್ಡ್?"

ಒಂದು ಆಸೆ ಉಳಿದಿತ್ತು. ಅಕ್ಕತಂಗಿಯರ ರಕ್ತ ಒಂದೇ ತರಹ ಇರಬಹುದು. ಸಿರಿಲ್ ಮರುದಿನ ಕೆಳಗಿನ ರಸ್ತೆಯ ಕ್ಲಿನಿಕ್ಕಿಗೆ ಹೋದ. ಅಲ್ಲಿನ ಲ್ಯಾಬ್ ಟೆಕ್ನಿಷಿಯನ್ ಲಿಗೋರಿ ಊರ ಕಡೆಯವನೇ.

"ನಮ್ಮ ಆಫೀಸಿನ ಒಬ್ಬನಿಗೆ ಕೇಳ್ಬೇಕಿತ್ತು," ಎಂದು ಸಿರಿಲ್ ಶುರುಮಾಡಿದ.

"ಆಫೀಸಿನ ಒಬ್ಬ ಅಂತ ಬರುವವರೆಲ್ಲ ಸ್ವಂತದ್ದೇ ಕೇಳುದು, ಸಿರಿಲ್ ಬಾಬ್. ಮೂಲವ್ಯಾಧಿಯವರೂ ಹಾಗೇ ಹೇಳುದು." ಲಿಗೋರಿ ನಕ್ಕ. "ಕೇಳಿ, ಕೇಳಿ."

ತಾಯಿಯ ಬದಲು ತಾಯಿಯ ಅಕ್ಕ, ಅಂದರೆ ಮಗುವಿನ ದೊಡ್ಡಮ್ಮ ರಕ್ತ ಕೊಟ್ಟರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ ಎಂದು ಸಿರಿಲ್ ಕೇಳಿದ. ಲಿಗೋರಿ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟ. ಈಗ ನಗುತ್ತಿರಲಿಲ್ಲ.

"ಗೊತ್ತಾಗ್ತದೆ. ಫಿಲ್ಮಿನಲ್ಲಿ ಗೆರೆಗಳು ಬರ್ತವೆ. ಮಗುವಿನ ಗೆರೆಯಲ್ಲಿ ಅರ್ಧ ತಾಯಿಯದ್ದು, ಅರ್ಧ ತಂದೆಯದ್ದು. ದೊಡ್ಡಮ್ಮನದ್ದು ಕೆಲವು ಹೊಂದ್ತದೆ, ಕೆಲವು ಹೊಂದುದಿಲ್ಲ. ಹೊಂದದೇ ಇರುವಂಥದ್ದು ನಾಲ್ಕೈದು ಇದ್ರೆ ಸಾಕು, ಖಲಾಸ್. ಮೋರೆ ಒಂದೇ ಅಚ್ಚಿನ ಹಾಗೆ ಇದ್ರೂ ಅಷ್ಟೇ." ಕೊಳವೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಹೇಳಿದ: "ಆಫೀಸಿನವನಿಗೆ ಹೇಳಿ, ಬೇರೆ ಯಾರ ಹತ್ರವೂ ಕೇಳುದು ಬೇಡ ಅಂತ."

ಸಿರಿಲ್ ಮೆಟ್ಟಿಲು ಇಳಿದ. ಇನ್ನೊಬ್ಬನಿಗೆ ಗೊತ್ತಾಯಿತು ಎಂಬುದು ಅವನಿಗೆ ಆಗ ಹೊಳೆದದ್ದು.

ಅರ್ಜಿ ಹಿಂತೆಗೆದುಕೊಂಡರೆ? ಹಿಂತೆಗೆದುಕೊಂಡರೂ ವೀಸಾ ಕಚೇರಿ ಸಚಿವಾಲಯಕ್ಕೆ ಬರೆಯುವುದಿಲ್ಲ ಎಂದು ಯಾರು ಹೇಳಬೇಕು? ಕೆಲಸ ಬಿಟ್ಟು ಊರಿಗೆ ಓಡಿದರೆ? ಸಿರಿಲ್‌ನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ಕೆಲಸ ಬಿಡಲು ಮೂರು ತಿಂಗಳ ನೋಟಿಸ್ ಬೇಕು. ಅಷ್ಟರಲ್ಲಿ ತೊಂಬತ್ತು ದಿನ ಮುಗಿಯುತ್ತದೆ. ಸುಳ್ಳು ಪ್ರಮಾಣಪತ್ರ ಎಂದು ಸಾಬೀತಾದರೆ ತಮಗೆ ಜೈಲು. ಆ ಕಾಗದ ರದ್ದಾದ ಮೇಲೆ ಹತ್ತು ವರ್ಷದ ಕ್ಯಾರೋಲಿನ್ ಯಾರ ಮಗಳು, ಅವಳನ್ನು ಯಾರ ಕೈಗೆ ಕೊಡುತ್ತಾರೆ?

ಆ ವಾರ ಎಸ್ತರ್ ಮಗಳನ್ನು ಬಸ್ ಹತ್ತಿಸಿ ಬಂದು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಬಿಳಿ-ನೀಲಿ ಪೊಲೀಸ್ ಕಾರು ಬೀದಿಯಲ್ಲಿ ಹೋದರೆ ಅದು ತಿರುವು ದಾಟುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಗುರುವಾರ ಅವಳು ಗಂಡನಿಗೆ ಹೇಳಿದಳು, "ಡಾಲಿಯನ್ನು ಕರೆಸುವ."

"ಕರೆಸಿ?"

"ಅವಳು ಎಸ್ತರ್ ಆಗಿ ಹೆತ್ತಳು. ಎಸ್ತರ್ ಆಗಿ ರಕ್ತವೂ ಕೊಡ್ಲಿ."

ಎಸ್ತರಳ ಪಾಸ್‌ಪೋರ್ಟಿನ ಫೋಟೊ 1988ರದ್ದು. ಆಗ ಅವಳಿಗೆ ಮೂವತ್ತೆರಡು. ಡಾಲಿಗೆ ಈಗ ಮೂವತ್ತೆರಡು. ಆ ಫೋಟೊ ಈಗ ಎಸ್ತರಳಿಗಿಂತ ಡಾಲಿಯನ್ನೇ ಹೆಚ್ಚು ಹೋಲುತ್ತಿತ್ತು. ಪತ್ರ ಕೇಳಿದ್ದು ತಾಯಿ ಮತ್ತು ಮಗುವಿನ ರಕ್ತ ಮಾತ್ರ, ತಂದೆಯದ್ದು ಕೇಳಿರಲಿಲ್ಲ. ಸಿರಿಲ್ ಬಹಳ ಹೊತ್ತು ಯೋಚಿಸಿ, ತಪ್ಪು ಎಲ್ಲಿದೆ ಎಂದು ಹುಡುಕಿ, ಸಿಗದೆ, ಅದಕ್ಕೇ ಇನ್ನಷ್ಟು ಹೆದರಿದ.

ಅಕ್ಕನಿಗೆ ಗರ್ಭಕೋಶದ ಆಪರೇಷನ್, ನೋಡಿಕೊಳ್ಳಲು ಜನ ಇಲ್ಲ ಎಂದು ಪೀಟರನಿಗೆ ಹೇಳಲಾಯಿತು. ಡಾಲಿ ನವೆಂಬರ್ 28ರಂದು ವಿಸಿಟ್ ವೀಸಾದಲ್ಲಿ ಬಂದಿಳಿದಳು. ಸೀಬ್ ವಿಮಾನ ನಿಲ್ದಾಣದಲ್ಲಿ ಕ್ಯಾರೋಲಿನ್ "ಡಾಲಿ ಆಂಟೀ!" ಎಂದು ಓಡಿಹೋಗಿ ತಬ್ಬಿಕೊಂಡಾಗ ಡಾಲಿ ಅವಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು, ಆಮೇಲೆ ತಾನೇ ಬಿಟ್ಟಳು. ಎಷ್ಟು ಹೊತ್ತು ಎಂಬುದನ್ನು ಎಸ್ತರ್ ಗಮನಿಸಿದಳು.

ಐದು ದಿನ ತಾಲೀಮು. ಡಾಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಸ್ತರಳ ಸಹಿ ಹಾಕಿ ಕಲಿತಳು.

"ಹುಟ್ಟಿದ ದಿನ?"

"ಏಪ್ರಿಲ್ ಮೂರು, ಐವತ್ತಾರು. ಎಂಟು ವರ್ಷ ಮುದುಕಿ ಮಾಡಿಬಿಟ್ಟೆ ನನ್ನನ್ನು, ಅಕ್ಕ."

"ನಗ್ಬೇಡ. ಮದುವೆ ದಿನ?"

"ನಗ್ಲಿಲ್ಲ. ಹೆದರಿಕೆಗೆ ಹಲ್ಲು ಕಾಣುದು. ಜನವರಿ ಹನ್ನೆರಡು, ಎಂಬತ್ತು."

"ಹೆರಿಗೆ?"

ಡಾಲಿ ಪೆನ್ನು ಕೆಳಗಿಟ್ಟಳು. "ಅದನ್ನು ನನಗೆ ಹೇಳಿಕೊಡ್ಬೇಡ."

ಎಸ್ತರ್ ಎದ್ದು ಚಾ ಇಡಲು ಹೋದಳು. ಪೊಲೀಸರ ಹೆದರಿಕೆಯ ಕೆಳಗೆ ಇನ್ನೊಂದು ಹೆದರಿಕೆ ಇದೆ ಎಂಬುದು ಅವಳಿಗೆ ಆ ಹೊತ್ತಿಗೆ ಸ್ಪಷ್ಟವಾಯಿತು. ಈ ಹೆಂಗಸು ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಪರೀಕ್ಷೆಯೇ ಬೇಡ.

ಕಷ್ಟವಾದದ್ದು ಕ್ಯಾರೋಲಿನ್‌ಗೆ ಹೇಳುವುದು. ಕೆನಡಾದವರಿಗೆ ಮಮ್ಮಿಯ ರಕ್ತ ಬೇಕು, ಮಮ್ಮಿಯ ರಕ್ತದಲ್ಲಿ ಸಕ್ಕರೆ ಇದೆ, ಅದಕ್ಕೆ ಆಂಟಿ ಕೊಡುತ್ತಾಳೆ ಎಂದು ಸಿರಿಲ್ ವಿವರಿಸಿದ.

"ಸೋ ಆಂಟಿ ಮಮ್ಮಿ ಅಂತ ಹೇಳ್ಬೇಕಾ?"

"ನೀನೇನೂ ಹೇಳ್ಬೇಡ. ಸುಮ್ಮನೆ ಇರು."

"ಕೇಳಿದ್ರೆ?"

"ಕೇಳಿದ್ರೆ… ಹೌದು ಅನ್ನು."

"ದಟ್ಸ್ ಅ ಲೈ, ಪಪ್ಪಾ. ಕನ್ಫೆಶನ್‌ನಲ್ಲಿ ಹೇಳ್ಬೇಕಾಗ್ತದೆ."

ಸಿರಿಲ್ ಹೆಂಡತಿಯ ಮುಖ ನೋಡಿದ. ಕಳೆದ ವರ್ಷವಷ್ಟೇ ಮೊದಲ ಪರಮಪ್ರಸಾದ ಪಡೆದಿದ್ದ ಮಗಳು ಪ್ರತಿ ತಿಂಗಳು ತಪ್ಪದೆ ಫಾದರ್ ಬಳಿ ಪಾಪ ಹೇಳಿ ಬರುತ್ತಿದ್ದಳು. ಜಡೆ ಹಿಡಿದು ಎಳೆದದ್ದನ್ನೂ ಬಿಡುತ್ತಿರಲಿಲ್ಲ.

"ಹೇಳುದಾದ್ರೆ ಊರಿನಲ್ಲಿ ಹೇಳು," ಎಂದಳು ಡಾಲಿ. "ಅಲ್ಲಿಯ ಫಾದರಿಗೆ ಕಿವಿ ಕೇಳುದಿಲ್ಲ."

ಕ್ಯಾರೋಲಿನ್ ನಕ್ಕಳು. ದೊಡ್ಡವರು ಯಾರೂ ನಗಲಿಲ್ಲ.

ಡಿಸೆಂಬರ್ 4, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ಸೀಬ್‌ನ ಕ್ಲಿನಿಕ್. ಡಾಕ್ಟರ್ ಸ್ಕಾಟ್ಲೆಂಡಿನ ಮುದುಕ. ಎಸ್ತರ್ ಆ ದಿನ ಡಾಲಿಯ ಅಕ್ಕ. ಅಷ್ಟು ಮಾತ್ರ ನಿಜ. ಸಿರಿಲ್ ಕಾರಿನಲ್ಲೇ ಉಳಿದ, ತನ್ನ ಮುಖ ನೋಡಿದರೇ ಡಾಕ್ಟರಿಗೆ ಗೊತ್ತಾಗುತ್ತದೆ ಎಂದು.

ಹೊರಗಿನ ಕೋಣೆಯಲ್ಲಿ ನರ್ಸ್ ಪಾಸ್‌ಪೋರ್ಟ್ ತೆರೆದಳು. ಫೋಟೊ ನೋಡಿದಳು, ಡಾಲಿಯನ್ನು ನೋಡಿದಳು, ಇನ್ನೊಮ್ಮೆ ಫೋಟೊ ನೋಡಿದಳು. ಕೇರಳದವಳು. ಹಿಂದಿಯಲ್ಲಿ ಹೇಳಿದಳು, "ಎಂಟು ವರ್ಷದಲ್ಲಿ ಒಂದು ಕೂದಲೂ ಬೆಳ್ಳಗಾಗಲಿಲ್ಲವಲ್ಲ ಮೇಡಂ, ಯಾವ ಎಣ್ಣೆ?" ಎಸ್ತರ್ ತನ್ನ ನರೆತ ಕೂದಲ ಮೇಲೆ ಸೆರಗು ಎಳೆದುಕೊಂಡಳು.

"ಇವರು?"

"ನನ್ನ ದೀದಿ," ಎಂದಳು ಡಾಲಿ.

ಪೋಲರಾಯ್ಡ್ ಕ್ಯಾಮರಾದಲ್ಲಿ ತಾಯಿ-ಮಗುವನ್ನು ಒಟ್ಟಿಗೆ ನಿಲ್ಲಿಸಿ ಫೋಟೊ ತೆಗೆದರು. ಫಾರ್ಮಿಗೆ ಅಂಟಿಸಿದರು. ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಡಾಲಿ ಎಸ್ತರಳ ಸಹಿ ಹಾಕಿದಳು. ಅದರ ಕೆಳಗೆ ಎಡಗೈ ಹೆಬ್ಬೆರಳ ಗುರುತು. ಹೆಬ್ಬೆರಳಿಗೆ ತಾಲೀಮು ಇರಲಿಲ್ಲ. ಆ ಮುಖ, ಆ ಬೆರಳು ಇನ್ನು ಮುಂದೆ ಕೆನಡಾದ ಯಾವುದೋ ಕಪಾಟಿನಲ್ಲಿ ತನ್ನ ಹೆಸರಿನ ಕೆಳಗೆ ಇರುತ್ತವೆ ಎಂದು ಎಸ್ತರ್ ಎಣಿಸಿದಳು. ನಾಳೆ ಟೊರಾಂಟೊದಲ್ಲಿ ಇಳಿದಾಗ ಯಾರಾದರೂ ಆ ಫೈಲು ತೆರೆದು ತನ್ನ ಮುಖ ನೋಡಿದರೆ?

ಡಾಲಿ ಮತ್ತು ಕ್ಯಾರೋಲಿನ್ ಒಳಗೆ ಹೋದರು. ಬಾಗಿಲು ಮುಚ್ಚಿತು.

ಎಸ್ತರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಎದುರಿನ ಗಡಿಯಾರದಲ್ಲಿ ಹತ್ತು ಐವತ್ತೆರಡು. ಒಳಗೆ ಡಾಕ್ಟರರ ಧ್ವನಿ, ಡಾಲಿಯ "ಯೆಸ್, ಸರ್". ಏನು ಕೇಳಿದರು, ಯಾವುದಕ್ಕೆ ಯೆಸ್, ತಿಳಿಯಲಿಲ್ಲ. ಲೋಹದ ತಟ್ಟೆಯ ಸದ್ದಾಯಿತು. ಆಮೇಲೆ ಕ್ಯಾರೋಲಿನ್ ಕಿರುಚಿದಳು.

"ಮಮ್ಮೀ!"

ಎಸ್ತರ್ ಎದ್ದುಬಿಟ್ಟಳು. ಮಗಳಿಗೆ ಸೂಜಿ ಎಂದರೆ ಆಗದು. ಎರಡು ವರ್ಷದವಳಿದ್ದಾಗಿನಿಂದ ಪ್ರತಿ ಇಂಜೆಕ್ಷನ್ನಿಗೂ ಅವಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದದ್ದು ಎಸ್ತರ್.

"ಮಮ್ಮೀ! ಮಮ್ಮೀ, ಕಮ್!"

ಬಾಗಿಲಿಗೆ ನಾಲ್ಕು ಹೆಜ್ಜೆ. ಎಸ್ತರ್ ಎರಡು ಇಟ್ಟಿದ್ದಳು. ನರ್ಸ್ ಫಾರ್ಮಿನಿಂದ ತಲೆ ಎತ್ತಿದಳು. "ಕೂತ್ಕೊಳ್ಳಿ ದೀದಿ. ಅಮ್ಮ ಒಳಗೇ ಇದ್ದಾರಲ್ಲ."

ಎಸ್ತರ್ ಕೂತಳು. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದಳು. ಒಳಗೆ ಕ್ಯಾರೋಲಿನ್ ಇನ್ನೆರಡು ಸಲ ಕರೆದಳು. ಅದರ ನಡುವೆ ಡಾಲಿಯ ಧ್ವನಿ ಕೇಳಿತು, ತಗ್ಗಿದ ಧ್ವನಿ: "ಇದ್ದೇನೆ ಪುತ್ತಾ, ಇಲ್ಲೇ ಇದ್ದೇನೆ." ಆಮೇಲೆ ಅಳು ನಿಂತಿತು. ಅಳುವಿಗಿಂತ ಅದು ನಿಂತದ್ದೇ ಎಸ್ತರಳಿಗೆ ಹೆಚ್ಚು ತಾಗಿತು.

ಹನ್ನೊಂದು ಹತ್ತಕ್ಕೆ ಬಾಗಿಲು ತೆರೆಯಿತು. ಡಾಕ್ಟರ್ ಎರಡು ಕೊಳವೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕೆಂಪು ಟೇಪಿನಿಂದ ಸೀಲ್ ಮಾಡಿದರು. ಕ್ಯಾರೋಲಿನ್ ಡಾಲಿಯ ಕೈ ಹಿಡಿದು ಬಂದಳು, ಹೊರಗಿನ ಬಿಸಿಲಿಗೆ ಬರುವ ತನಕ ಹಿಡಿದೇ ಇದ್ದಳು. ಕಾರಿನ ಬಳಿ ಆ ಕೈ ಬಿಟ್ಟು ಎಸ್ತರಳ ಸೊಂಟ ಹಿಡಿದಳು.

"ನಾನು ನಿಮ್ಮನ್ನೇ ಕರೆದದ್ದು, ಮಮ್ಮಿ. ಆ ಡಾಕ್ಟರ್ ಆಂಟಿಯನ್ನು ಅಂತ ಅಂದ್ಕೊಂಡ್ರು. ಸೋ ಇಟ್ಸ್ ನಾಟ್ ಅ ಲೈ. ಕನ್ಫೆಶನ್‌ಗೆ ಬೇಡ, ಅಲ್ವಾ?"

ಡಾಲಿ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕಿಟಕಿಯ ಗಾಜು ಇಳಿದಿತ್ತು.

ಒಂಬತ್ತನೇ ತಾರೀಕು ಅವಳು ಹೊರಟಳು. ಸಿರಿಲ್ ಸೂಟ್‌ಕೇಸ್ ಇಳಿಸುತ್ತಿದ್ದಾಗ ಅಕ್ಕನನ್ನು ಪಕ್ಕಕ್ಕೆ ಕರೆದಳು.

"ರಿಸಲ್ಟ್ ಕಾಗದ ನಿಮಗೂ ಬರ್ತದಾ?"

"ಬರ್ತದಂತೆ. ಒಂದು ಕಾಪಿ."

"ನನಗೆ ಅದರ ಒಂದು ಜೆರಾಕ್ಸ್ ಬೇಕು. ಪೋಸ್ಟಿನಲ್ಲಿ ಬೇಡ, ಪೀಟರ್ ಒಡೆದು ನೋಡ್ತಾರೆ. ಯಾರಾದ್ರೂ ಊರಿಗೆ ಬರುವವರ ಹತ್ರ ಕೊಡು."

"ಯಾಕೆ?"

"ಹೀಗೇ."

"ಅದ್ರಲ್ಲಿ ನನ್ನ ಹೆಸರು ಇರ್ತದೆ, ಡಾಲಿ."

"ಗೊತ್ತುಂಟು."

ಆಯ್ತು ಎಂದಳು ಎಸ್ತರ್.

ವರದಿ ಬಂದದ್ದು 1997ರ ಜನವರಿ 27ರಂದು. ಒಂದು ಪುಟ. ಎಸ್ತರ್ ಎಂಬವರು ಕ್ಯಾರೋಲಿನ್ ಎಂಬ ಮಗುವಿನ ತಾಯಿ. ಸಂಭವನೀಯತೆ ಶೇಕಡಾ 99.9ಕ್ಕಿಂತ ಹೆಚ್ಚು. ಇಗರ್ಜಿಯ ಪುಸ್ತಕದಲ್ಲಿ ಹೆಸರು ತಪ್ಪಾಗಿರಬೇಕು ಎಂಬ ಅರ್ಜಿದಾರರ ವಿವರಣೆಯನ್ನು ಒಪ್ಪಲಾಗಿದೆ ಎಂದು ವೀಸಾ ಕಚೇರಿ ಪ್ರತ್ಯೇಕ ಪತ್ರದಲ್ಲಿ ತಿಳಿಸಿತ್ತು. ಸಿರಿಲ್ ಓದಿ ಹಣೆ, ಎದೆ, ಹೆಗಲು ಮುಟ್ಟಿ ಶಿಲುಬೆ ಗುರುತು ಮಾಡಿದ.

"ಮುಗಿಯಿತು, ಎಸ್ತರ್. ಇನ್ನು ಹೆದರುವುದು ಎಂತದಕ್ಕೆ?"

ಎಸ್ತರ್ ವರದಿಯನ್ನು ಮಡಚಿ ಬೈಬಲಿನ ಒಳಗಿಟ್ಟಳು. ಅರ್ಧ ಗಂಟೆಯ ಮೇಲೆ ಅಲ್ಲಿಂದ ತೆಗೆದು ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟಳು.

"ಡಾಲಿಗೆ ಜೆರಾಕ್ಸ್ ಬೇಕಂತೆ."

"ಕೊಡು. ಅದ್ರಲ್ಲಿ ಅವಳ ಹೆಸರೇ ಇಲ್ಲ. ಅದನ್ನು ಹಿಡ್ಕೊಂಡು ಯಾವ ಕೋರ್ಟಿಗೆ ಹೋದ್ರೂ ನೀನೇ ತಾಯಿ."

"ಅದು ಅವಳಿಗೂ ಗೊತ್ತುಂಟು. ಗೊತ್ತಿದ್ದೂ ಕೇಳಿದ್ದು."

ಕೋರ್ಟಿಗೆ ಹೋಗುವ ಹೆಂಗಸಿಗೆ ಎಸ್ತರ್ ಹೆದರುತ್ತಿರಲಿಲ್ಲ. ಬೇಕರಿಯ ಮೇಲಿನ ಮನೆಯಲ್ಲಿ, ಗಂಡ ಇಲ್ಲದ ಹೊತ್ತಿನಲ್ಲಿ, ಆ ಕಾಗದ ಬಿಡಿಸಿ ಓದುವ ಹೆಂಗಸು ಅವಳ ಕಣ್ಣಮುಂದೆ ಬರುತ್ತಿದ್ದಳು. ಹತ್ತು ವರ್ಷ ಓದುತ್ತಾಳೆ. ಹನ್ನೊಂದನೆಯ ವರ್ಷ, ಕ್ಯಾರೋಲಿನ್ ದೊಡ್ಡವಳಾದ ಮೇಲೆ, ಅದನ್ನು ಅವಳಿಗೆ ತೋರಿಸುತ್ತಾಳೆ.

ಶುಕ್ರವಾರ ಪೂಜೆ ಮುಗಿಸಿ ಬಂದು ಬಟ್ಟೆ ಬದಲಿಸುವಷ್ಟರಲ್ಲಿ ಫೋನ್ ಬಂತು. ಉಡುಪಿಯ ಬೂತಿನಿಂದ ಡಾಲಿ. ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು.

"ಬಂತಾ ಅಕ್ಕ?"

"ವೀಸಾ ಆಯ್ತು ಅಂತ ಬಂತು. ಪಾಸ್ ಆಯ್ತು."

"ಕಾಗದ?"

ಎಸ್ತರ್ ಕಪಾಟಿನ ಕಡೆ ನೋಡಿದಳು. "ಅದು ನಮಗೆ ಕೊಡುದಿಲ್ಲವಂತೆ. ಆಫೀಸಿಗೇ ಹೋಗ್ತದಂತೆ, ಅಲ್ಲೇ ಇಟ್ಕೊಳ್ತಾರಂತೆ."

ಸಿರಿಲ್ ಪೇಪರಿನಿಂದ ಮುಖ ಎತ್ತಿದ. ಎಸ್ತರ್ ಅವನಿಗೆ ಬೆನ್ನು ಹಾಕಿದಳು.

ಆ ಕಡೆ ಬಸ್ಸಿನ ಹಾರನ್ ನಿಂತಿತು. ಕರೆ ಕಡಿದುಹೋಯಿತೇ ಎಂದು ಎಸ್ತರಳಿಗೆ ಅನಿಸಿತು.

"ಆಗ್ಲಿ," ಎಂದಳು ಡಾಲಿ. "ಕ್ಯಾರೋಲಿನ್‌ಗೆ ಕೊಡು ಫೋನು. ಎರಡು ನಿಮಿಷ."

ಇಲ್ಲ, ಸ್ನೇಹಿತೆಯ ಮನೆಗೆ ಹೋಗಿದ್ದಾಳೆ ಎನ್ನುವ ಮಾತು ಎಸ್ತರಳ ಬಾಯಿಗೆ ಬಂದಿತ್ತು. ಕ್ಯಾರೋಲಿನ್ ಎದುರಿಗೇ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು. ಆಗಲೇ ಕೈ ಚಾಚಿದ್ದಳು.

ಅವಳು ಶಾಲೆಯ ಕ್ರೀಡಾದಿನದ ಬಗ್ಗೆ ಹೇಳಿದಳು. ರಿಲೇಯಲ್ಲಿ ಕೋಲು ಬಿದ್ದುಹೋದದ್ದು, ಹೊಸ ಸೈನ್ಸ್ ಟೀಚರಿಗೆ ಮೀಸೆ ಇರುವುದು, ಕೆನಡಾದಲ್ಲಿ ಹಿಮಕ್ಕೆ ಬೇರೆ ಶೂ ಬೇಕಾಗುವುದು. ಎಸ್ತರ್ ಮೂರು ಅಡಿ ದೂರದಲ್ಲಿ ನಿಂತು ಒಂದೊಂದು ಶಬ್ದವನ್ನೂ ಕೇಳುತ್ತಿದ್ದಳು. ಮಗಳ ಮುಖ ಬದಲಾಗುತ್ತದೆಯೇ ಎಂದು ನೋಡುತ್ತಿದ್ದಳು. ಬದಲಾದರೆ ಒತ್ತಿ ಕರೆ ಕಡಿಯಲು ಬೆರಳು ಫೋನಿನ ಗುಂಡಿಯ ಮೇಲೇ ಇತ್ತು.

"ಬೈ ಆಂಟಿ," ಎಂದು ಕ್ಯಾರೋಲಿನ್ ರಿಸೀವರ್ ಇಟ್ಟಳು.

"ಏನಂದ್ರು?"

"ಏನೂ ಇಲ್ಲ."

"ಏನೋ ಹೇಳಿರ್ಬೇಕಲ್ಲ. ಇಷ್ಟು ಹೊತ್ತು ಎಂತ ಹೇಳಿದ್ರು ಅವ್ರು?"

"ಏನೂ ಹೇಳಲಿಲ್ಲ ಮಮ್ಮಿ," ಎಂದಳು ಕ್ಯಾರೋಲಿನ್. "ನೀನು ಮಾತಾಡ್ತಾ ಇರು ಅಂದ್ರು. ಸುಮ್ನೆ ಕೇಳ್ತಾ ಇದ್ರು."